ಯೇನಾ ನಗರದ ವೈದ್ಯನೂ ನಮ್ಮ ಅಕ್ಕನ ಮಿದುಳಿನ ಅಲೆಗಳೂ



ಇಷ್ಟು ತಿಂಗಳಿನಿಂದ ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಹಲವರು ದೂರಿದ್ದೀರಿ. ಕಾರಣ ಅಕ್ಕನ ಆರೋಗ್ಯ. ನಮ್ಮ ಮನೆಗೆ ಬಂದುಹೋದವರಿಗೆಲ್ಲ ಅಕ್ಕ ಗೊತ್ತು. ಪರೀಕ್ಷೆಯ ಹಿಂದಿನ ದಿನ ಪಾಠ ಹೇಳಿಸಿಕೊಳ್ಳಲು ಬಂದ ಹುಡುಗರ ಮುಂದೆ ಕೋಡುಬಳೆಯ ಡಬ್ಬಿ ತೆರೆದಿಡುತ್ತಿದ್ದವಳು ಆಕೆಯೇ. ಈಗ ಎಂಬತ್ತೊಂದು ತುಂಬಿದೆ. ಎರಡು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಬಾರಿ ಕೇಳುತ್ತಿದ್ದಳು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ಮರೆಯಲ್ಲಿ ನಾವೆಲ್ಲರೂ ಅದನ್ನು ಬಚ್ಚಿಟ್ಟಿದ್ದೆವು. ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದವಳು ತುಳಸಿಕಟ್ಟೆಯ ಬಳಿ ನಿಂತು, ಈ ಮನೆ ಯಾರದು ಎಂದು ಕೇಳಿದಳು. ಆಮೇಲೆ ಬಚ್ಚಿಡಲು ಏನೂ ಉಳಿಯಲಿಲ್ಲ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಲವು ಪರೀಕ್ಷೆಗಳಾದವು. ಅವುಗಳಲ್ಲೊಂದು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ನೆತ್ತಿಯ ತುಂಬ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದ ಹುಡುಗಿ, ಕಣ್ಣು ಮುಚ್ಚಿ ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಅಜ್ಜೀ ಎಂದಳು. ಅಕ್ಕ ತೊಂಬತ್ತಮೂರು ಎಂದು ಹೇಳಿ ನಿಂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಕೇಳದಿದ್ದರೂ, ಹದಿನಾರರ ಮಗ್ಗಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ನನಗೆ ಮಗ್ಗಿ ಕಲಿಸಿದವಳು ಅವಳು. ಬಾಗಿಲಲ್ಲಿ ನಿಂತಿದ್ದ ನನ್ನ ತುಟಿಯೂ ಅವಳೊಡನೆ ಆಡುತ್ತಿತ್ತು.

ವರದಿಯಲ್ಲಿ ಒಂದು ಸಾಲಿತ್ತು. ಹಿನ್ನೆಲೆಯ ಲಯ ನಿಧಾನವಾಗಿದೆ, ಸೆಕೆಂಡಿಗೆ ಏಳು ಆವರ್ತನೆ. ಅಮೆರಿಕದಲ್ಲಿರುವ ಸೋದರಳಿಯ ಅಂತರಜಾಲದಲ್ಲಿ ಅದನ್ನು ಹುಡುಕಿ ನೋಡಿ, ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ, "ಮಾಮಾ, ಅಮ್ಮನದು ಮುಗಿದ ಹಾಗೇ ಅಲ್ವಾ?" ಎಂದು ಅತ್ತ. ನಾನು ವೈದ್ಯನಲ್ಲ, ವಿಜ್ಞಾನದ ಮೇಷ್ಟ್ರೂ ಅಲ್ಲ. ಮೂವತ್ತನಾಲ್ಕು ವರ್ಷ ಚರಿತ್ರೆ ಹೇಳಿಕೊಟ್ಟವನು. ಒಂದು ಮಾತು ಅರ್ಥವಾಗದಿದ್ದರೆ ಅದು ಎಲ್ಲಿಂದ ಬಂತೆಂದು ಹುಡುಕುವುದೊಂದೇ ನನಗೆ ತಿಳಿದ ದಾರಿ. ಏಳು ಎಂಬ ಆ ಅಂಕಿಯ ಬೆನ್ನು ಹತ್ತಿ ನಾನು ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ವೈದ್ಯರಾಗಿರುವವರು ತಪ್ಪು ಕಂಡರೆ ತಿದ್ದಬೇಕು.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತು ಹರಿದಾಡುವುದನ್ನು ಮೊದಲು ಕಂಡವನು ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯ ರಿಚರ್ಡ್ ಕೇಟನ್. ಮೊಲಗಳ, ಕೋತಿಗಳ ಮಿದುಳಿನ ಮೇಲ್ಮೈಯಲ್ಲಿ ಆತ ಕಂಡದ್ದನ್ನು 1875ರಲ್ಲಿ ಪ್ರಕಟಿಸಿದ. ಹೆಚ್ಚು ಜನ ಲಕ್ಷ್ಯ ಕೊಡಲಿಲ್ಲ. ಮನುಷ್ಯನ ಮಿದುಳಿನಿಂದ ಅದನ್ನು ಬರೆಸಿದವನು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್.

ಬರ್ಗರನ ಕಥೆ ಆರಂಭವಾಗುವುದು ಒಂದು ಕುದುರೆಯಿಂದ. 1873ರಲ್ಲಿ ಹುಟ್ಟಿದ ಈತ ಮೊದಲು ಓದಲು ಹೊರಟದ್ದು ಗಣಿತ ಮತ್ತು ಖಗೋಳಶಾಸ್ತ್ರವನ್ನು. ಅದನ್ನು ಬಿಟ್ಟು ಸೈನ್ಯದಲ್ಲಿ ಒಂದು ವರ್ಷದ ಸೇವೆಗೆ ಸೇರಿದ. ಕವಾಯತಿನ ಒಂದು ದಿನ ಕುದುರೆ ಬೆದರಿ ಕೆಡವಿತು. ಫಿರಂಗಿ ಎಳೆಯುತ್ತಿದ್ದ ಗಾಡಿಯ ಚಕ್ರ ಕೂದಲೆಳೆಯ ಅಂತರದಲ್ಲಿ ನಿಂತಿತು. ಅದೇ ಸಂಜೆ ತಂದೆಯಿಂದ ತಂತಿ ಬಂತು. ದೂರದ ಮನೆಯಲ್ಲಿದ್ದ ಅವನ ಅಕ್ಕನಿಗೆ ತಮ್ಮನಿಗೇನೋ ಆಪತ್ತು ಬಂದಿದೆಯೆಂಬ ಭಾವನೆ ಬಲವಾಗಿ ಮೂಡಿ, ವಿಚಾರಿಸುವಂತೆ ತಂದೆಯನ್ನು ಕಾಡಿದ್ದಳಂತೆ. ಭಯಗೊಂಡ ತನ್ನ ಮನಸ್ಸೇ ಅಕ್ಕನಿಗೆ ಸುದ್ದಿ ಮುಟ್ಟಿಸಿತೆಂದು ಬರ್ಗರ್ ಜೀವನಪರ್ಯಂತ ನಂಬಿದ. 1940ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಅದನ್ನು ಬರೆದಿದ್ದಾನೆ. ಮನಸ್ಸಿನ ಶಕ್ತಿಗೆ ದೇಹದಲ್ಲಿ ಅಳೆಯಬಹುದಾದ ಗುರುತು ಇರಲೇಬೇಕೆಂದು ನಿಶ್ಚಯಿಸಿ ವೈದ್ಯಶಾಸ್ತ್ರಕ್ಕೆ ಬಂದ. ಅಕ್ಕನ ಮನಸ್ಸು ತಮ್ಮನ ಮನಸ್ಸನ್ನು ಮುಟ್ಟಿದ ಬಗೆಯನ್ನು ಹುಡುಕುತ್ತ ಹೊರಟವನು ಈ ಯಂತ್ರಕ್ಕೆ ತಲುಪಿದನೆಂದು ಓದಿದಾಗ, ಆ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

1897ರಲ್ಲಿ ಆತ ಯೇನಾದ ಮನೋರೋಗ ಚಿಕಿತ್ಸಾಲಯವನ್ನು ಸೇರಿದ. ಅಲ್ಲಿಯ ಮುಖ್ಯಸ್ಥ ಆಟೋ ಬಿನ್ಸ್‌ವಾಂಗರ್. ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಬರುವ ಒಂದು ಬಗೆಯ ಬುದ್ಧಿಕ್ಷಯಕ್ಕೆ ಇಂದಿಗೂ ಈತನ ಹೆಸರಿದೆ. (ದಾರ್ಶನಿಕ ನೀಚೆ ಮತಿಭ್ರಮಣೆಯಾದಾಗ 1889ರಲ್ಲಿ ಬಂದು ಸೇರಿದ್ದು ಇದೇ ಆಸ್ಪತ್ರೆಗೆ.) ಬರ್ಗರ್ ಮಿದುಳಿನ ರಕ್ತಸಂಚಾರವನ್ನಳೆದ, ಉಷ್ಣತೆಯನ್ನಳೆದ, ನಾಯಿಗಳ ಮಿದುಳಿನಲ್ಲಿ ವಿದ್ಯುತ್ತನ್ನು ಹುಡುಕಿದ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕೈಗೆ ಹತ್ತಿದ್ದು ಅತ್ಯಲ್ಪ. ನಡುವೆ ಮಹಾಯುದ್ಧವೂ ಬಂದುಹೋಯಿತು. ಹಗಲು ಗಡಿಯಾರದಂತೆ ನಡೆಯುವ ಶಿಸ್ತಿನ ಅಧಿಕಾರಿ. ಕೆಲಸದ ವೇಳೆ ಮುಗಿದ ಮೇಲೆ ಸಹೋದ್ಯೋಗಿಗಳಿಗೂ ಸರಿಯಾಗಿ ತಿಳಿಯದಂತೆ ತನ್ನ ಪ್ರಯೋಗ. ವಿದ್ಯುತ್ ಯಂತ್ರಗಳ ವಿಷಯದಲ್ಲಿ ಆತ ನಿಪುಣನೂ ಅಲ್ಲ.

1924ರ ಜುಲೈ 6ರಂದು, ಶಸ್ತ್ರಕ್ರಿಯೆಯಿಂದಾಗಿ ತಲೆಬುರುಡೆಯ ಒಂದು ಭಾಗ ತೆರವಾಗಿದ್ದ ಹದಿನೇಳು ವರ್ಷದ ತರುಣನೊಬ್ಬನ ನೆತ್ತಿಯಿಂದ ಬರ್ಗರ್ ಸಣ್ಣ ಕಂಪನವನ್ನು ಹಿಡಿದ. ಶಾಲೆಯ ಪ್ರಯೋಗಶಾಲೆಯಲ್ಲಿ ನೀವು ಕಂಡ ಗ್ಯಾಲ್ವನೋಮೀಟರಿನ ಸೂಕ್ಷ್ಮವಾದ ಬಂಧುವೇ ಅವನ ಉಪಕರಣ. ಅಳೆಯಬೇಕಾದದ್ದಾದರೋ ಒಂದು ವೋಲ್ಟಿನ ಹತ್ತು ಲಕ್ಷದ ಕೆಲವು ಭಾಗ. ಇದು ಮಿದುಳಿನದೋ, ಚರ್ಮದ್ದೋ, ನಾಡಿಬಡಿತದ್ದೋ, ಯಂತ್ರದ ದೋಷವೋ ಎಂಬ ಸಂಶಯ ಅವನನ್ನು ಐದು ವರ್ಷ ಕಾಡಿತು. ಮಗ ಕ್ಲಾಸ್‌ನನ್ನು ಕೂರಿಸಿಕೊಂಡು ಮತ್ತೆ ಮತ್ತೆ ಬರೆಸಿದ. 1929ರಲ್ಲಿ, ತನಗೆ ಐವತ್ತಾರು ವರ್ಷವಾದಾಗ, ಮೊದಲ ಲೇಖನ ಪ್ರಕಟಿಸಿದ. ಮುಂದಿನ ಒಂಬತ್ತು ವರ್ಷಗಳಲ್ಲಿ ಒಟ್ಟು ಹದಿನಾಲ್ಕು ಲೇಖನಗಳು, ಎಲ್ಲಕ್ಕೂ ಒಂದೇ ಶೀರ್ಷಿಕೆ. ಪ್ರಬಂಧಕ್ಕೆ ಹೊಸ ಹೊಸ ತಲೆಬರಹ ಹುಡುಕುವುದರಲ್ಲೇ ಕಾಲ ಕಳೆಯುತ್ತಿದ್ದ ನನ್ನ ಕೆಲವು ಶಿಷ್ಯರು ಇದನ್ನು ಗಮನಿಸಬೇಕು!

ಅವನು ಕಂಡದ್ದು ಇಷ್ಟು. ಕಣ್ಣು ಮುಚ್ಚಿ ಸುಮ್ಮನೆ ಕುಳಿತ ಆರೋಗ್ಯವಂತನ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಅಲೆ. ಇದಕ್ಕೆ ಆಲ್ಫಾ ಎಂದು ಹೆಸರಿಟ್ಟ. ಕಣ್ಣು ತೆರೆದರೆ, ಅಥವಾ ಮನಸ್ಸಿನಲ್ಲೇ ಲೆಕ್ಕ ಮಾಡಲು ಹೇಳಿದರೆ, ಅದು ಕುಗ್ಗಿ ಅದಕ್ಕಿಂತ ಚಿಕ್ಕದಾದ, ವೇಗವಾದ ಅಲೆಗಳು ಕಾಣುತ್ತವೆ. ಅವು ಬೀಟಾ. ಮಗಳು ಇಲ್ಸೆಗೂ ಲೆಕ್ಕ ಕೊಟ್ಟು ಕೂರಿಸಿ ದಾಖಲೆ ಮಾಡಿದ್ದಾನೆ. ನಮ್ಮ ಅಕ್ಕನಿಗೆ ಏಳೇಳು ಕಳೆಯಲು ಹೇಳಿದ ಹುಡುಗಿ, ತನಗೆ ತಿಳಿಯದೆಯೇ, ಯೇನಾದ ಆ ಕೋಣೆಯ ಪಾಠವನ್ನು ಮುಂದುವರಿಸುತ್ತಿದ್ದಳು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಅಲೆಗಳಿಗೂ ಮರೆವಿಗೂ ನಂಟು ಕಂಡದ್ದು ಯಾವಾಗ? ಹೆಚ್ಚುಕಡಿಮೆ ಮೊದಲ ದಿನಗಳಲ್ಲೇ. 1906ರ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ಸಭೆಯೊಂದರಲ್ಲಿ ಆಲೋಯಿಸ್ ಆಲ್ಝೈಮರ್ ಎಂಬ ವೈದ್ಯ ಒಬ್ಬ ಮಹಿಳೆಯ ವೃತ್ತಾಂತವನ್ನು ಮಂಡಿಸಿದ್ದ. ಆಕೆ ಆಗುಸ್ಟೆ ಡೇಟರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಐವತ್ತೊಂದು ವರ್ಷ. ಗಂಡನ ಹೆಸರೇನೆಂದು ಕೇಳಿದರೆ ತನ್ನ ಹೆಸರನ್ನೇ ಹೇಳುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಕೋಶಗಳೊಳಗೆ ಎಳೆಗಳ ಗೋಜಲನ್ನೂ ಹೊರಗೆ ಯಾವುದೋ ಪದಾರ್ಥದ ಚುಕ್ಕೆಗಳನ್ನೂ ಆಲ್ಝೈಮರ್ ಗುರುತಿಸಿದ. ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ. 1910ರಲ್ಲಿ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನಿಟ್ಟ. ಆದರೆ ಆ ಗುರುತುಗಳನ್ನು ನೋಡಬೇಕಾದರೆ ರೋಗಿ ಸಾಯಬೇಕಿತ್ತು. ಬದುಕಿರುವವರ ಮಿದುಳಿನಿಂದ ಒಂದು ಗುರುತನ್ನು ಪಡೆಯುವ ಬಾಗಿಲು ತೆರೆದದ್ದು ಬರ್ಗರನ ಯಂತ್ರ. 1930ರ ದಶಕದ ಆರಂಭದ ಲೇಖನಗಳಲ್ಲಿಯೇ ಆತ ಬುದ್ಧಿಕ್ಷಯದ ರೋಗಿಗಳ ದಾಖಲೆಗಳನ್ನು ಕೊಟ್ಟಿದ್ದಾನೆ, ಅವರಲ್ಲಿ ಆಲ್ಝೈಮರ್ ರೋಗಿಯೂ ಉಂಟು. ಅಲೆಗಳು ಉದ್ದವಾಗಿವೆ, ನಿಧಾನವಾಗಿವೆ. ನಮ್ಮ ವರದಿಯ ಆ ಸಾಲಿಗೆ ತೊಂಬತ್ತು ವರ್ಷ ಮೀರಿದ ವಯಸ್ಸು.

ಲೋಕ ಬರ್ಗರನನ್ನು ಕೂಡಲೇ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್, ಮ್ಯಾಥ್ಯೂಸ್ ಎಂಬಿಬ್ಬರು ಸಂಶಯದಿಂದಲೇ ಪ್ರಯೋಗವನ್ನು ಪುನರಾವರ್ತಿಸಿದರು. ಏಡ್ರಿಯನ್ ಆ ವೇಳೆಗಾಗಲೇ ನೊಬೆಲ್ ಪಡೆದಿದ್ದವನು. ಅವನ ತಲೆಯಿಂದಲೇ ಹತ್ತರ ಲಯ ಚೆನ್ನಾಗಿ ಹೊರಬಂತು. ಅದು ತಲೆಯ ಹಿಂಭಾಗದ, ದೃಷ್ಟಿಗೆ ಸಂಬಂಧಿಸಿದ ಪ್ರದೇಶದ್ದೆಂದು ತೋರಿಸಿ, ಬರ್ಗರ್ ಲಯವೆಂದು ಹೆಸರಿಸಿದರು. ನೀರಿನಲ್ಲಿರುವ ಒಂದು ಜೀರುಂಡೆಯ ನರದ ಗಂಟಿನಲ್ಲಿಯೂ ಇಂಥದೇ ಲಯವನ್ನು ಕಂಡರು. ಆತ್ಮಶಕ್ತಿಯನ್ನು ಹುಡುಕಿ ಹೊರಟಿದ್ದ ಬರ್ಗರನಿಗೆ ಆ ಹೋಲಿಕೆ ಹೇಗೆನಿಸಿತೋ. 1936ರಲ್ಲಿ ಲಂಡನ್ನಿನ ಗ್ರೇ ವಾಲ್ಟರ್, ಮಿದುಳಿನ ಗಡ್ಡೆಯ ಸುತ್ತ ಬಹಳ ನಿಧಾನವಾದ ಅಲೆಗಳಿರುವುದನ್ನು ಕಂಡು ಅವುಗಳಿಗೆ ಡೆಲ್ಟಾ ಎಂಬ ಹೆಸರು ಕೊಟ್ಟ. ಡೆಲ್ಟಾಕ್ಕೂ ಆಲ್ಫಾಕ್ಕೂ ನಡುವಣ ಥೀಟಾ ಎಂಬ ಹೆಸರು ಬಂದದ್ದು 1944ರಲ್ಲಿ. ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಡೆಲ್ಟಾ, ನಾಲ್ಕರಿಂದ ಎಂಟು ಥೀಟಾ, ಎಂಟರಿಂದ ಹದಿಮೂರು ಆಲ್ಫಾ ಎಂದಿಟ್ಟುಕೊಳ್ಳಿ. ಅಕ್ಕನ ಏಳು, ಗಡಿಯ ಈಚೆ ಬಿದ್ದಿತ್ತು.

ಬರ್ಗರನ ಕೊನೆಯನ್ನು ಹೇಳದೆ ಮುಂದೆ ಹೋಗಲಾಗದು. 1938ರಲ್ಲಿ ಆತ ನಿವೃತ್ತನಾದ. 1941ರ ಜೂನ್ 1ರಂದು, ಖಿನ್ನತೆಯಲ್ಲಿ, ತಾನೇ ಜೀವ ಕಳೆದುಕೊಂಡ. ನಾಜಿಗಳಿಂದ ಪೀಡಿತನಾದ ಸಾತ್ತ್ವಿಕನೆಂದು ಬಹುಕಾಲ ಅವನನ್ನು ಚಿತ್ರಿಸಲಾಯಿತು. ಕಡತಗಳು ಬೇರೆ ಹೇಳುತ್ತವೆ. ಮನೋರೋಗಿಗಳಿಗೂ ಮಂದಬುದ್ಧಿಯವರೆನಿಸಿಕೊಂಡವರಿಗೂ ಬಲವಂತವಾಗಿ ಸಂತಾನಶಕ್ತಿಹರಣ ಮಾಡಲು ಆದೇಶ ಕೊಡುತ್ತಿದ್ದ ಅನುವಂಶಿಕ ಆರೋಗ್ಯ ನ್ಯಾಯಾಲಯದಲ್ಲಿ ಆತ ಸದಸ್ಯನಾಗಿದ್ದ. ಮಗಳ ತಲೆಗೆ ಅಷ್ಟು ನಯವಾಗಿ ತಂತಿ ಕಟ್ಟಿದ ಕೈ ಆ ಕಾಗದಗಳಿಗೂ ಸಹಿ ಹಾಕಿತು. ತರಗತಿಯಲ್ಲಿ ನಾನು ಮಹಾಪುರುಷರ ಪಾಠ ಮಾಡುವಾಗ ಇಂಥದ್ದನ್ನು ಬಿಟ್ಟು ಹೋಗುತ್ತಿದ್ದೆ. ಈಗ ಬಿಡಲು ಮನಸ್ಸು ಬರುವುದಿಲ್ಲ.

ಯುದ್ಧದ ನಂತರದ ದಶಕಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ತಿಳಿದುಬಂದವು. ಅಮೆರಿಕದ ವಾಲ್ಟರ್ ಆಬ್ರಿಸ್ಟ್ 1954ರಲ್ಲಿ ಆರೋಗ್ಯವಂತ ವೃದ್ಧರ ದಾಖಲೆಗಳನ್ನು ಪ್ರಕಟಿಸಿದ: ಯೌವನದ ಹತ್ತು ವಯಸ್ಸಾದಂತೆ ತುಸು ಕೆಳಗಿಳಿಯುತ್ತದೆ. 1958ರಲ್ಲಿ ಲೆಟೆಮೆಂಡಿಯಾ ಮತ್ತು ಪಾಂಪಿಲ್ಯೋನೆ ಎಂಬುವರು ಆಲ್ಝೈಮರ್ ರೋಗಿಗಳಲ್ಲಿ ಆಲ್ಫಾ ಕುಗ್ಗಿ ನಿಧಾನದ ಅಲೆಗಳು ಆಕ್ರಮಿಸುವುದನ್ನು ವಿವರವಾಗಿ ಬರೆದರು. ತೊಡಕು ಇರುವುದು ಇಲ್ಲಿಯೇ. ಮುಪ್ಪೂ ಅಲೆಯನ್ನು ನಿಧಾನಗೊಳಿಸುತ್ತದೆ, ರೋಗವೂ ನಿಧಾನಗೊಳಿಸುತ್ತದೆ. ಎಂಟಕ್ಕಿಂತ ಕೆಳಗಿಳಿದರೆ ಬರಿಯ ವಯಸ್ಸೆನ್ನಲಾಗದೆಂದು ವೈದ್ಯರು ಒಪ್ಪುತ್ತಾರೆ. ಆದರೆ ಹದಿಮೂರರ ಬದಿಯಿಂದ ಹೊರಟವನು ಒಂಬತ್ತಕ್ಕೆ ಬಂದು ನಿಂತಿದ್ದರೆ? ಅವನ ಅಂಕಿ ಸರಿಯಾಗಿಯೇ ಕಾಣುತ್ತದೆ, ಇಳಿದ ದೂರ ಯಾರಿಗೂ ಕಾಣದು. ತೊಂಬತ್ತು ಪಡೆಯುತ್ತಿದ್ದ ಹುಡುಗ ಅರವತ್ತು ಪಡೆದರೆ ನಾನು ಅವನ ಮನೆಗೆ ಹೋಗುತ್ತಿದ್ದೆ. ಸದಾ ಅರವತ್ತು ಪಡೆಯುವವನ ಮನೆಗೆ ಹೋಗುತ್ತಿರಲಿಲ್ಲ. ಒಂದೇ ಅಂಕಪಟ್ಟಿಯಿಂದ ಇದು ತಿಳಿಯದು.

ನಿಧಾನವೇಕೆ ಆಗುತ್ತದೆ? ಮಿದುಳಿನ ತಳಭಾಗದಲ್ಲಿ ಮೈನರ್ಟನ ಹೆಸರಿನ ಒಂದು ನರಕೋಶಗಳ ಗುಂಪಿದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮೇಲಕ್ಕೆ ಕಳಿಸಿ ಇಡೀ ಹೊರಪದರವನ್ನು ಎಚ್ಚರದಲ್ಲಿಡುವುದು ಅದರ ಕಾರ್ಯ. ಶಾಲೆಯ ಘಂಟೆ ಹೊಡೆಯುವ ಜವಾನನಂತೆ ಎನ್ನಿ. ಆಲ್ಝೈಮರ್ ರೋಗದಲ್ಲಿ ಈ ಕೋಶಗಳು ಬಹಳವಾಗಿ ಸಾಯುವುದು 1980ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಘಂಟೆ ದುರ್ಬಲವಾದೊಡನೆ ಹೊರಪದರ ತೂಕಡಿಸತೊಡಗುತ್ತದೆ. ಇದೇ ಅಸಿಟೈಲ್‌ಕೋಲಿನ್ನನ್ನು ಅಡ್ಡಗಟ್ಟುವ ಔಷಧಿಗಳೂ ಉಂಟು. ಅವು ಆರೋಗ್ಯವಂತರಲ್ಲಿಯೂ ನಿಧಾನದ ಅಲೆಯನ್ನೂ ಮರೆವನ್ನೂ ತರುತ್ತವೆ. ತುರಿಕೆ, ನೆಗಡಿಗಳಿಗೆ ಕೊಡುವ ಹಳೆಯ ತರಹದ, ನಿದ್ದೆ ಬರಿಸುವ ಕೆಲವು ಮಾತ್ರೆಗಳು ಈ ಜಾತಿಗೆ ಸೇರಿದವು. ಈ ವಾಕ್ಯವನ್ನು ನೆನಪಿನಲ್ಲಿಡಿ.

ಇನ್ನೊಂದು ವಿಚಿತ್ರವಿದೆ. ಹಗಲು ಅಪಶಕುನವೆನಿಸಿದ ನಿಧಾನದ ಅಲೆ ಇರುಳಿನಲ್ಲಿ ನಮ್ಮ ಹಿತೈಷಿ. ಗಾಢನಿದ್ರೆಯಲ್ಲಿ ದೊಡ್ಡ ದೊಡ್ಡ ನಿಧಾನದ ಅಲೆಗಳೆದ್ದು, ಅವುಗಳ ಮೇಲೆ ಕದಿರಿನಾಕಾರದ ಚುರುಕು ಅಲೆಗಳು ಕುಳಿತು, ಹಗಲು ಕಲಿತದ್ದನ್ನು ಗಟ್ಟಿಗೊಳಿಸುತ್ತವೆ. ವೃದ್ಧರಲ್ಲಿ ಈ ನಿದ್ರೆಯ ಅಲೆಗಳು ಕುಗ್ಗಿದಷ್ಟೂ ಬೆಳಗಿನ ನೆನಪು ಕುಗ್ಗುವುದನ್ನು 2013ರಲ್ಲಿ ಬರ್ಕ್ಲಿಯ ಸಂಶೋಧಕರು ತೋರಿಸಿದರು. ಎರಡು ಬಗೆಯ ಅಲೆಗಳ ತಾಳ ತಪ್ಪುವುದನ್ನು 2018ರಲ್ಲಿ ತೋರಿಸಿದರು. ಇರುಳಿನಲ್ಲಿರಬೇಕಾದದ್ದು ಹಗಲಿಗೆ ಸೋರಿ, ಇರುಳು ಬರಿದಾಗುವ ಸ್ಥಿತಿ. ಅಕ್ಕ ನಡುರಾತ್ರಿ ಎದ್ದು ಪಾತ್ರೆ ಜೋಡಿಸುತ್ತ, ಮಧ್ಯಾಹ್ನ ಕುರ್ಚಿಯಲ್ಲಿ ತೂಗುತ್ತಿದ್ದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮುಂಬರುವ ಮರೆವನ್ನು ಅಲೆ ಮೊದಲೇ ಹೇಳಬಲ್ಲುದೆ? 1978ರಲ್ಲಿ ಒಂದು ದಾರಿ ಕಂಡಿತು. ಒಂದೇ ತೆರನಾದ ಶಬ್ದಗಳ ನಡುವೆ ಅಪರೂಪಕ್ಕೊಂದು ಬೇರೆ ಶಬ್ದ ಕೇಳಿಸಿದರೆ ಮಿದುಳಿನಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗದ ಸುಮಾರಿಗೆ ಒಂದು ಅಲೆ ಏಳುತ್ತದೆ. ಬುದ್ಧಿಕ್ಷಯದವರಲ್ಲಿ ಅದು ತಡವಾಗುತ್ತದೆ. ಗುಂಪುಗಳನ್ನು ಹೋಲಿಸಲು ಅದು ಚೆನ್ನಾಗಿಯೇ ಒದಗಿತು. ಒಬ್ಬೊಬ್ಬರ ವಿಷಯದಲ್ಲಿ ಅಷ್ಟು ನೆಚ್ಚಲಾಗಲಿಲ್ಲ. 2006ರಲ್ಲಿ ನ್ಯೂಯಾರ್ಕಿನ ಲೆಸ್ಲಿ ಪ್ರಿಚೆಪ್ ಮತ್ತು ಸಂಗಡಿಗರು, ಪರೀಕ್ಷೆಯಲ್ಲಿ ಸರಿಯಿದ್ದರೂ ಮರೆವಿನ ದೂರು ಹೇಳುತ್ತಿದ್ದ 44 ಮಂದಿ ವೃದ್ಧರ ಮೊದಲ ದಾಖಲೆಗಳನ್ನೂ, ಏಳು ವರ್ಷಕ್ಕೂ ಮೇಲ್ಪಟ್ಟು ಅವರನ್ನು ಹಿಂಬಾಲಿಸಿ ಕಂಡ ಫಲವನ್ನೂ ಪ್ರಕಟಿಸಿದರು. ಮುಂದೆ ಕುಸಿದವರಲ್ಲಿ ಥೀಟಾ ಮೊದಲೇ ಹೆಚ್ಚಿತ್ತು. ಆಶಾದಾಯಕವೇ, ಆದರೆ ನಲವತ್ತನಾಲ್ಕು ಜನವೆಂದರೆ ನಮ್ಮ ಹತ್ತನೆಯ ತರಗತಿಯ ಒಂದು ವಿಭಾಗ.

ನಮ್ಮ ನಾಡಿನಲ್ಲಿಯೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಮತ್ತು ಸಂಗಡಿಗರು, ಪರದೆಯ ಮೇಲಿನ ಕಪ್ಪುಬಿಳಿ ಪಟ್ಟೆಗಳನ್ನು ನೋಡುವಾಗ ಏಳುವ ಗ್ಯಾಮಾ ಅಲೆಗಳನ್ನು ಅಳೆದರು. ಇವು ಸೆಕೆಂಡಿಗೆ ಇಪ್ಪತ್ತರಿಂದ ಅರವತ್ತಾರರವರೆಗಿನ ಚುರುಕಿನ ಅಲೆಗಳು. ಆರೋಗ್ಯವಂತರಲ್ಲಿಯೂ ವಯಸ್ಸಾದಂತೆ ಅವು ಕ್ಷೀಣಿಸುವುದನ್ನು 2020ರಲ್ಲಿಯೂ, ಮರೆವು ಆರಂಭವಾದವರಲ್ಲಿ ಓರಗೆಯವರಿಗಿಂತ ಇನ್ನೂ ಕ್ಷೀಣವಾಗಿರುವುದನ್ನು 2021ರಲ್ಲಿಯೂ ಪ್ರಕಟಿಸಿದರು. ಎರಡನೆಯದರಲ್ಲಿ ಒಟ್ಟು 244 ಮಂದಿ. ಅವರಲ್ಲಿ ಅಲ್ಪ ಮರೆವಿನವರು 12, ಆಲ್ಝೈಮರ್ ರೋಗಿಗಳು 5. ಅಂಕಿಗಳನ್ನು ಮುಚ್ಚಿಡದೆ ಹೇಳಿರುವುದು ನನಗೆ ಮೆಚ್ಚಿಗೆಯಾಯಿತು. ಅದೇ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡಿದ್ದಾರೆ. ನನ್ನ ಅಂಕಪಟ್ಟಿಯ ಮಾತನ್ನು ಅವರು ಊರಿಗೆ ಊರನ್ನೇ ಹಿಡಿದು ಮಾಡುತ್ತಿದ್ದಾರೆ.

(ಸೆಕೆಂಡಿಗೆ ನಲವತ್ತು ಬಾರಿ ಮಿನುಗುವ ದೀಪದ ವಿಷಯವನ್ನು ನನಗೆ ಕಳಿಸಿದವರು ಮೂವರು. 2016ರಲ್ಲಿ ಅಮೆರಿಕದಲ್ಲಿ ಅದು ಇಲಿಗಳ ಮಿದುಳಿನಲ್ಲಿ ರೋಗದ ಪದಾರ್ಥವನ್ನು ಕಡಿಮೆ ಮಾಡಿದ್ದು ನಿಜ. ಇಲಿಯಲ್ಲಿ ಆದದ್ದು ಅಕ್ಕನಲ್ಲಿ ಆಗುತ್ತದೆಂದು ಯಾರೂ ಸಾಧಿಸಿಲ್ಲ. ದಯವಿಟ್ಟು ದೀಪ ಕೊಂಡು ಕಳಿಸಬೇಡಿ.)

ಇಷ್ಟನ್ನು ಓದಿಕೊಂಡು ವೈದ್ಯರ ಬಳಿಗೆ ಹೋದಾಗ ಅವರು ಮೊದಲು ಕೇಳಿದ್ದು ಔಷಧಿಯ ಚೀಲವನ್ನು. ಹನ್ನೊಂದು ವರ್ಷಗಳಿಂದ ಅಕ್ಕ ರಾತ್ರಿ ತುರಿಕೆಗೆಂದು ಒಂದು ಮಾತ್ರೆ ನುಂಗುತ್ತಿದ್ದಳು. ಯಾರೋ ಬರೆದುಕೊಟ್ಟಿದ್ದು, ನಿಲ್ಲಿಸಲು ಯಾರೂ ಹೇಳಿರಲಿಲ್ಲ. ತಿಂಗಳು ತಿಂಗಳೂ ತಂದುಕೊಡುತ್ತಿದ್ದವನು ನಾನೇ. ವೈದ್ಯರು ಅದನ್ನು ನಿಲ್ಲಿಸಿದರು. ಈ ಅಲೆ ರೋಗದ ಹೆಸರನ್ನು ಹೇಳುವುದಿಲ್ಲ, ಮಿದುಳು ತೂಕಡಿಸುತ್ತಿದೆ ಎಂದಷ್ಟೇ ಹೇಳುತ್ತದೆ; ಆರು ತಿಂಗಳ ನಂತರ ಇವರದನ್ನೇ ಇವರದಕ್ಕೆ ಹೋಲಿಸೋಣ ಎಂದರು.

ಹೋದ ವಾರ ಎರಡನೆಯ ದಾಖಲೆಯಾಯಿತು. ಏಳೂವರೆಯಿಂದ ಎಂಟು. ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಮನೆ ಯಾರದೆಂದು ಮತ್ತೆ ಕೇಳಿಲ್ಲ. ಬೆಳಗಿನ ತಿಂಡಿ ಏನೆಂಬುದು ಮಧ್ಯಾಹ್ನಕ್ಕೆ ಇಂದಿಗೂ ನೆನಪಿರುವುದಿಲ್ಲ. ಮಾತ್ರೆಯ ಪಾಲೆಷ್ಟು, ರೋಗದ ಪಾಲೆಷ್ಟು ಎಂದು ಕೇಳಿದರೆ ವೈದ್ಯರು, ಮುಂದಿನ ವರ್ಷ ಇದೇ ತಿಂಗಳು ಕರೆತನ್ನಿ ಎಂದರು. ಸೋದರಳಿಯನಿಗೆ ಎರಡೂ ವರದಿಗಳನ್ನು ಕಳಿಸಿದ್ದೇನೆ, ದೀಪಾವಳಿಗೆ ಬರುತ್ತಾನಂತೆ.

ಈ ಬಾರಿ ಅಕ್ಕ ನೂರರಿಂದ ಎಂಬತ್ತಾರರವರೆಗೆ ಇಳಿದಳು. ಅಲ್ಲಿ ನಿಂತು, ಕಣ್ಣು ಮುಚ್ಚಿಕೊಂಡೇ, "ತಮ್ಮಾ, ಮುಂದಿನದನ್ನ ನೀನು ಹೇಳು, ನಿನಗೆ ಕಲಿಸಿದ್ದೆನಲ್ಲ" ಎಂದಳು. ಆ ಹುಡುಗಿ ನನ್ನನ್ನು ಸುಮ್ಮನಿರುವಂತೆ ಕೈಸನ್ನೆ ಮಾಡಿದಳು.